ಹಾಸಿಗೆ ಅಂಗಡಿಯ ಸೊಸೆ ಆಕಳಿಸಿದಳು

ಶಿವಾಜಿನಗರದಲ್ಲಿ ಹಾಸಿಗೆ ಅಂಗಡಿ ಇಟ್ಟವರ ಸೊಸೆಗೇ ನಿದ್ದೆ ಬರುವುದಿಲ್ಲ ಎಂಬುದು ಅತ್ತೆ ಬಿಲ್ಕೀಸ್‌ಗೆ ಮಾನದ ಪ್ರಶ್ನೆಯಾಗಿತ್ತು. ಸೊಸೆ ಫಹ್ಮಿದಾಳ ದೊಡ್ಡ ಕರುಳಿನ ಹುಣ್ಣು ಮಾಯ್ದಿತ್ತು, ರಾತ್ರಿಯೆಲ್ಲ ಬಾತ್‌ರೂಮಿಗೆ ಓಡುವುದೂ ನಿಂತಿತ್ತು. ನಿದ್ದೆ ಮಾತ್ರ ಮರಳಿರಲಿಲ್ಲ. ಹತ್ತಿ ಸಾಲದೇನೋ ಎಂದು ಅತ್ತೆ ಒಂದರ ಮೇಲೊಂದು ಮೆತ್ತನೆಯ ಹಾಸಿಗೆ ಹೊಲಿಸಿದರು. ಸಂಜೆಯಾದರೆ ಸಾಕು, "ಹೋಗಿ ಮಲ್ಕೋ, ಹೊಟ್ಟೆಗೆ ರೆಸ್ಟ್ ಬೇಕು" ಎಂದು ಒಳಗೆ ಅಟ್ಟುತ್ತಿದ್ದರು. ಫಹ್ಮಿದಾ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತಿದ್ದಳು. ನಿದ್ದೆಗೆಟ್ಟು ಕಾಯಿಲೆ ಮತ್ತೆ ಕೆರಳಿದರೆ? ಆ ಹೆದರಿಕೆಯೇ ಅವಳನ್ನು ಮಲಗಗೊಡುತ್ತಿರಲಿಲ್ಲ.

ಕರುಳಿನ ಉರಿಯೂತ ಇಳಿದಿರುವುದನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡ ಡಾಕ್ಟರು ಅವಳನ್ನು ನಿದ್ರೆಯ ತಜ್ಞೆಯೊಬ್ಬರ ಬಳಿ ಕಳಿಸಿದರು. ಆಕೆ ಹೇಳಿದ್ದು ಪೂರಾ ಉಲ್ಟಾ. ಹಾಸಿಗೆ ಎಂದರೆ ಎಚ್ಚರ ಎಂದು ಮೈ ಕಲಿತುಬಿಟ್ಟಿದೆ; ಸದ್ಯಕ್ಕೆ ರಾತ್ರಿ ಹನ್ನೊಂದರವರೆಗೆ ಅದನ್ನು ಮುಟ್ಟಬೇಡಿ, ಹಗಲು ಒರಗಬೇಡಿ, ಬೆಳಿಗ್ಗೆ ಮಾತ್ರ ಅಲಾರಾಂ ಹೊಡೆದ ತಕ್ಷಣ ಏಳಿ.

"ಹಾಸಿಗೆ ಬೇಡ ಅನ್ನೋ ಡಾಕ್ಟ್ರೂ ಇದ್ದಾರಾ?" ಬಿಲ್ಕೀಸ್ ಮುನಿಸಿಕೊಂಡರು.

ಫಹ್ಮಿದಾ ಆ ಮಾತಿನಂತೆ ನಡೆಯತೊಡಗಿದ ಎರಡನೇ ವಾರ. ಸಂಜೆ ಹಲಸೂರಿನ ಮುನಿವೆಂಕಟಮ್ಮ ಅಂಗಡಿಯಲ್ಲಿ ದಿಂಬು ಅಮುಕಿ ನೋಡುತ್ತಿದ್ದಾಗ ಫಹ್ಮಿದಾ ಬಾಯಿ ತೆರೆದಳು. ಕಣ್ಣಲ್ಲಿ ನೀರು ಬರುವಷ್ಟು ಉದ್ದನೆಯ ಆಕಳಿಕೆ!

"ಅಮ್ಮಿ, ಆಕಳಿಸಿದ್ಳು! ನೋಡಿದ್ರಾ?" ಗಂಡ ಆಸಿಮ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಕುಣಿದ.

ಬಿಲ್ಕೀಸ್ ಆಗಲೇ ಹೊಸ ಹಾಸಿಗೆ ಬಿಚ್ಚಿ ಹಾಸಿದ್ದರು. "ಬಾ ಬೇಟಾ, ಬಂದಿದ್ದನ್ನ ಬಿಡ್ಬೇಡ, ಬಿದ್ಕೋ!"

"ಬೇಡ ಅಮ್ಮಿ! ಇನ್ನೂ ದೀಪ ಹಚ್ಚೋ ಹೊತ್ತು!" ಫಹ್ಮಿದಾ ಹಿಂದೆ ಸರಿದಳು.

"ಬರೋ ನಿದ್ದೆಗೆ ಗಡಿಯಾರ ತೋರಿಸ್ತಾರಾ?"

ಫಹ್ಮಿದಾ ಚಪ್ಪಲಿ ಮೆಟ್ಟಿ ರಸ್ತೆಗೆ ಹಾರಿದಳು.

"ನಿಮ್ ಸೊಸೇನೇ ಹೆದ್ರಿ ಓಡ್ತಾವ್ಳೆ, ಈ ಹಾಸಿಗೆ ನಾನು ತಗೊಳ್ಳಾ?" ಎಂದರು ಮುನಿವೆಂಕಟಮ್ಮ.

"ಮಲಗಿದ್ರೆ ಏಳಲ್ಲ ಅಂತಾನೇ ಓಡ್ತಿರೋದು ಅಕ್ಕಾ!" ಎನ್ನುತ್ತ ಆಸಿಮ್ ಹೆಂಡತಿಯ ಹಿಂದೆ ಓಡಿದ.

ಹನ್ನೊಂದರವರೆಗೆ ನಿದ್ದೆ ತಡೆಯಲು ಇಬ್ಬರೂ ಸುತ್ತಿದರು: ರಸೆಲ್ ಮಾರುಕಟ್ಟೆಯ ಹೂವಿನ ಸಾಲು, ಹಣ್ಣಿನ ಸಾಲು, ಮತ್ತೆ ಹೂವಿನ ಸಾಲು. ಕಾಲು ತಡವರಿಸಿದಾಗಲೆಲ್ಲ ಫಹ್ಮಿದಾ ಗಂಡನ ತೋಳು ಹಿಡಿದು ನಕ್ಕಳು. ತೂಕಡಿಕೆ ಇಷ್ಟು ರುಚಿಯೆಂದು ಮರೆತೇಹೋಗಿತ್ತು.

ಬೆಳಿಗ್ಗೆ ಅಲಾರಾಂ ಅವಳನ್ನು ಎಬ್ಬಿಸಿತು. ಇಷ್ಟು ದಿನ ಅದು ಯಾವಾಗ ಹೊಡೆಯುತ್ತದೋ ಎಂದು ಅವಳೇ ಕಾಯುತ್ತಿದ್ದಳು.

"ಮಲಗ್ಲಿ ಬಿಡೋ, ಪಾಪ," ಬಾಗಿಲಲ್ಲಿ ಮಗನಿಗೆ ಅತ್ತೆಯ ಪಿಸುಮಾತು.

"ಅಮ್ಮಿ, ಎಬ್ಬಿಸಿ," ಕಣ್ಣು ತೆರೆಯದೆಯೇ ಫಹ್ಮಿದಾ ಕೈ ಚಾಚಿದಳು. "ಇಲ್ದಿದ್ರೆ ಇವತ್ತು ರಾತ್ರಿ ನಿದ್ದೆ ಹೋಗ್ಬಿಡತ್ತೆ."

ಬಿಲ್ಕೀಸ್ ಒಳಗೆ ಬಂದರು. ಆ ಎರಡೂ ಕೈ ಹಿಡಿದು, ತಾವೇ ಹೊಲಿಸಿದ ಹಾಸಿಗೆಯಿಂದ ಸೊಸೆಯನ್ನು ಎಳೆದೆಬ್ಬಿಸಿದರು.