ದೀಪ ಹಚ್ಚಿದ ಸಾಲು

ನೆರೈದಾ ಚರ್ಚಿನ ಹಿಂಬಾಗಿಲು ತೆಗೆದು ಅಮ್ಮನನ್ನು ಹೊರಕ್ಕೆ ತಳ್ಳತೊಡಗಿದಳು.

"ನಡಿ ಅಮ್ಮಾ, ಹೀಗೇ ಮನೆಗೆ ಹೋಗ್ಬಿಡು. ಆ ಬೂದು ಕಾರು ಬೆಳಿಗ್ಗೆಯಿಂದ ಎದುರುಗಡೇನೇ ನಿಂತಿದೆ."

"ನಿಮ್ಮಪ್ಪನಿಗೆ ಒಂದು ಹಿಡಿ ಮಣ್ಣೂ ಹಾಕದೆ ಹೋಗ್ಲಾ?" ಓದೀಲಿಯಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು.

ಹೋದ ವಾರ ಇಂಥದೇ ಕಾರಿನಲ್ಲಿ ಬಂದ ವಲಸೆ ಪೊಲೀಸರು ಕೋಳಿ ಮಾಂಸದ ಕಾರ್ಖಾನೆಯ ಗೇಟಿನಲ್ಲಿ, ಈ ದೇಶದಲ್ಲಿರಲು ಕಾಗದಪತ್ರವಿಲ್ಲದವರನ್ನೆಲ್ಲ ಹಿಡಿದೊಯ್ದಿದ್ದರು. ಸತ್ತ ಕ್ರಿಸ್ಪೀನ್‌ಗೆ ಕಾಗದಪತ್ರವಿತ್ತು, ಹೆಂಡತಿಗಿರಲಿಲ್ಲ. ಅವನ ಮನೆಯಲ್ಲಿ ಉಂಡು ಕುಣಿದವರಲ್ಲಿ ಅರ್ಧ ಜನ ಇವತ್ತು ಪರದೆ ಎಳೆದುಕೊಂಡು ಮನೆಯಲ್ಲೇ ಕೂತಿದ್ದರು. ಅವರನ್ನು ಬೈಯಲು ಬಾಯಿ ಬರುವುದಿಲ್ಲ.

ಪಕ್ಕದ ಮನೆಯ ಮುದುಕ ಹಾರ್ಲನ್ ಕೋಲೂರಿಕೊಂಡು ಬಂದ. "ನನ್ನ ಗಾಡೀಲಿ ಕೂರಿಸ್ಕೊಂಡು ಹೋಗ್ತೀನಿ ಬಿಡಮ್ಮಾ. ಈ ಊರಲ್ಲಿ ಹೆಣದ ಮೆರವಣಿಗೇನ ಯಾರೂ ಮುಟ್ಟಲ್ಲ. ನಿಮ್ಮಪ್ಪನಿಗೆ ಆ ಪಾಠ ಹೇಳಿಕೊಟ್ಟಿದ್ದೇ ನಾನು."

*

ಅಮೆರಿಕದ ಅಲಬಾಮಾಕ್ಕೆ ಬಂದ ಹೊಸತರಲ್ಲಿ ಕ್ರಿಸ್ಪೀನ್‌ಗೆ ರಸ್ತೆಯಲ್ಲಿ ತನ್ನ ಮುಂದೆ ಕಾರುಗಳ ಸಾಲೊಂದು ಸಿಕ್ಕಿತು. ಹಾಡಹಗಲಲ್ಲೇ ದೀಪ ಹಚ್ಚಿಕೊಂಡು ತೆವಳುತ್ತಿತ್ತು. ಮೆಕ್ಸಿಕೋದ ಅವನ ಹಳ್ಳಿಯಲ್ಲಿ ಹೆಣ ಹೋಗುತ್ತಿದ್ದುದು ಹೆಗಲ ಮೇಲೆ, ಬ್ಯಾಂಡು ಬಾರಿಸಿಕೊಂಡು. ಇದೇನೆಂದು ಪಾಪ ಅವನಿಗೆ ಹೇಗೆ ಗೊತ್ತಾಗಬೇಕು? ಕೆಲಸಕ್ಕೆ ಹೊತ್ತಾಗಿತ್ತು. ಹಾರನ್ ಹೊಡೆಯುತ್ತ ಇಡೀ ಸಾಲನ್ನು ಹಿಂದೆ ಹಾಕಿ ಹೋದ.

ಅದು ಹಾರ್ಲನ್‌ನ ತಾಯಿಯ ಶವಯಾತ್ರೆ.

"ಹೆಣ ಕಂಡ್ರೆ ಪಕ್ಕಕ್ಕೆ ನಿಲ್ಲಿಸ್ಬೇಕು ಕಣಯ್ಯಾ! ನಿಮ್ಮೂರಲ್ಲಿ ಯಾರೂ ಸಾಯೋದೇ ಇಲ್ವಾ?" ಎಂದು ಹಾರ್ಲನ್ ಅಂದು ಸಂಜೆ ಕ್ರಿಸ್ಪೀನ್‌ನ ಬಾಗಿಲಲ್ಲಿ ನಿಂತು ಕೂಗಾಡಿದ.

ಆಮೇಲೆ ಯಾರ ಹೆಣ ಬಂದರೂ ಕ್ರಿಸ್ಪೀನ್ ಗಾಡಿ ನಿಲ್ಲಿಸಿ, ಕೆಳಗಿಳಿದು, ಹುಲ್ಲಿನ ಟೊಪ್ಪಿಯನ್ನು ಎದೆಗೊತ್ತಿಕೊಂಡು ನಿಲ್ಲುತ್ತಿದ್ದ. ಅವನ ಹೆಸರು ಸರಿಯಾಗಿ ಹೇಳಲು ಬಾರದವರಿಗೂ ಆ ಟೊಪ್ಪಿಯ ಗುರುತಿತ್ತು.

*

ಓದೀಲಿಯಾ ಹಾರ್ಲನ್‌ನ ಪಕ್ಕ ಕೂತಳು. ಹೆಣದ ಗಾಡಿ ಹೊರಟಿತು. ಹಿಂದಿನ ಕಾರುಗಳಲ್ಲಿ ಒಂದೊಂದಾಗಿ ದೀಪ ಹೊತ್ತಿತು.

ಮುಖ್ಯ ರಸ್ತೆಯಲ್ಲಿ ಕೋಳಿ ಲಾರಿ ಪಕ್ಕಕ್ಕೆ ಸರಿಯಿತು. ಶಾಲೆಯ ಬಸ್ಸೂ ನಿಂತಿತು. ಯಾರೋ ಒಬ್ಬ ಬಿಳಿಯ ಕೆಳಗಿಳಿದು ಟೊಪ್ಪಿ ತೆಗೆದ. ಓದೀಲಿಯಾಳಿಗೆ ಅಳುವಿನ ನಡುವೆಯೇ ನಗು ಬಂತು.

"ನೋಡಿದ್ರಾ? ನಿಮ್ಮೂರೋರು ನನ್ನ ಗಂಡನಿಗೋಸ್ಕರ ನಿಂತ್ರು."

ಹಾರ್ಲನ್‌ನ ಕಣ್ಣು ಗಾಡಿಯ ಕನ್ನಡಿಯ ಮೇಲಿತ್ತು. ಹಿಂದೆ ಇಡೀ ರಸ್ತೆ ನಿಂತುಬಿಟ್ಟಿತ್ತು, ಆ ಬೂದು ಕಾರೊಂದನ್ನು ಬಿಟ್ಟು. ಅದು ನಿಂತವರನ್ನೆಲ್ಲ ದಾಟಿಕೊಂಡು ಬಂದು ಸಾಲಿನ ಕೊನೆಗೆ ಸೇರಿಕೊಂಡಿತು. ಆಮೇಲೆ, ಎಲ್ಲರಂತೆ, ತನ್ನ ದೀಪಗಳನ್ನೂ ಹಚ್ಚಿತು.