ಕೆಂಚಿ ತಿಂದ ಸೊಪ್ಪು

ಸುಗ್ಗಿ ಮುಗಿದ ಮೇಲೆ ಬನವಾಸಿಯ ಸಂಗಯ್ಯನ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ವೀರಪ್ಪ ಪ್ರತಿವರ್ಷ ಬರುತ್ತಿದ್ದ. ಜೊತೆಗೆ ಹೆಂಡತಿ ಕಲ್ಲವ್ವ, ಮತ್ತೆ ಕಂಬಳಿ, ಪಾತ್ರೆ, ಎಳೆ ಮರಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತ ಕೆಂಚಿ ಎಂಬ ಕುಳ್ಳ ಕುದುರೆ. ತೊಂಬತ್ತೇಳನೇ ಇಸವಿಯಲ್ಲಿ ಬಂದಾಗ ಕೆಂಚಿ ಬಡಕಲಾಗಿತ್ತು. ಬಂದ ದಿನವೇ ಸಂಗಯ್ಯನ ಹೆಂಡತಿ ಮುರಿಗೆವ್ವನ ಹಿತ್ತಿಲಿಗೆ ನುಗ್ಗಿ, ಉಪ್ಪಿನಕಾಯಿಗೆಂದು ಇಟ್ಟಿದ್ದ ಹರಳುಪ್ಪಿಗೆ ಬಾಯಿ ಹಾಕಿತು.

ಮುರಿಗೆವ್ವ ಬೈಯಲಿಲ್ಲ, ನಕ್ಕಳು. ವೀರಪ್ಪನೂ ನಕ್ಕ. “ಮೈಯಾಗ ಏನ್ ಕಮ್ಮಿ ಐತಿ ಅಂತ ಅದಕ್ಕ ಗೊತ್ತಿರತೈತ್ರಿ ಅಕ್ಕಾರ. ಹುಡುಕ್ಯಾಡಿ ತಿಂತೈತಿ. ನಾವ್ ಕಲಸೂದು ಏನೂ ಇಲ್ಲ.”

ಆ ಮಾತು ಅವಳಿಗೆ ಬಹಳ ಹಿಡಿಸಿತು. ಗಂಡನಿಗೂ ಹೇಳಿದಳು.

ಪೂಜೆಯ ಹೂವಿಗೆಂದು ಬೆಳೆಸಿದ್ದ ಕಣಗಿಲ ಗಿಡಗಳು ದಾರಿಗೆ ಬಾಗಿದ್ದವೆಂದು ಸಂಗಯ್ಯ ಆ ವಾರ ಕಡಿದು ಬೇಲಿಯ ಪಕ್ಕ ಗುಡ್ಡೆ ಹಾಕಿದ್ದ. ಬಿಸಿಲಿಗೆ ಎಲೆ ಬಾಡಿತ್ತು. ಒಂದು ಬೆಳಿಗ್ಗೆ ಮುರಿಗೆವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಗ ಕೆಂಚಿ ಆ ಗುಡ್ಡೆಗೆ ಮೂತಿ ಇಟ್ಟಿದ್ದು ಕಂಡಿತು. ನಮ್ಮ ದನ ಇದನ್ನು ಮೂಸಿಯೂ ನೋಡುವುದಿಲ್ಲವಲ್ಲ ಎಂದು ಹೊಳೆಯಿತು. ಏಳಬೇಕು ಅಂದುಕೊಂಡಳು. ಮಡಿಲ ತುಂಬ ಮೆಣಸಿನಕಾಯಿ. ಅದಕ್ಕೆ ಗೊತ್ತಿರುತ್ತದೆ ಬಿಡು ಎಂದು ಕೂತೇ ಇದ್ದಳು.

ಊಟದ ಹೊತ್ತಿಗೆ ಕೆಂಚಿಯ ಕಾಲುಗಳು ನಡುಗುತ್ತಿದ್ದವು. ಆಮೇಲೆ ನೆಲಕ್ಕೆ ಬಿದ್ದು ಹೊರಳಾಡಿತು. ದನದ ಡಾಕ್ಟರು ಮೋಟಾರ್ ಸೈಕಲ್ಲಲ್ಲಿ ಬಂದು, ಎದೆಬಡಿತ ಕೇಳಿ, ಅದರ ಬಾಯಿಂದ ಉದ್ದನೆಯ ಎಲೆಯೊಂದನ್ನು ಎಳೆದರು.

“ಎಲ್ಲಿ ಸಿಕ್ಕಿತು ಇದಕ್ಕೆ?”

ಮುರಿಗೆವ್ವ ಬೇಲಿಯ ಕಡೆ ಕೈ ತೋರಿಸಿದಳು.

“ಉಪ್ಪಾದರೆ ಕುದುರೆ ತಾನಾಗಿ ಹುಡುಕುತ್ತದೆ,” ಎಂದರು ಡಾಕ್ಟರು, ಅದಕ್ಕೆ ಎಲ್ಲ ಗೊತ್ತಿರುತ್ತದೆ ಎಂಬ ವೀರಪ್ಪನ ಮಾತು ಕೇಳಿ. “ಉಳಿದದ್ದೆಲ್ಲ ಹಸಿವು, ರುಚಿ, ರೂಢಿ. ಬಾಡಿದರೆ ಈ ಎಲೆಯ ಕಹಿ ಕಡಿಮೆಯಾಗುತ್ತದೆ, ವಿಷ ಹಾಗೇ ಇರುತ್ತದೆ.”

ಇಂಜೆಕ್ಷನ್ ಕೊಟ್ಟರೂ ಹೊತ್ತು ಮುಳುಗುವ ಮೊದಲೇ ಕೆಂಚಿ ಸತ್ತಿತು. ಕಲ್ಲವ್ವ ಅದರ ಕೊರಳ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

“ತಿನ್ನೂದು ನಾ ನೋಡಿದ್ದೆ ವೀರಪ್ಪ,” ಎಂದಳು ಮುರಿಗೆವ್ವ. “ನೋಡಿನೂ ಏಳಲಿಲ್ಲ.”

“ಅದಕ್ಕ ಎಲ್ಲಾ ಗೊತ್ತೈತಿ ಅಂದಾಂವ ನಾನ ಅಲ್ಲೇನ್ರಿ,” ಎಂದ ವೀರಪ್ಪ. ಬೈದಿದ್ದರೆ ಅವಳ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು.

ಅವರು ಹೊರಟ ದಿನ ಸಾಮಾನು ಸಾಗಿಸಲು ಸಂಗಯ್ಯ ಗಾಡಿ ಕಟ್ಟಿದ. ಮುರಿಗೆವ್ವನೂ ಮರಿಗಳನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕೂತಳು. “ನೀನೂ ಹತ್ತು ಕಲ್ಲವ್ವಾ,” ಎಂದು ಕರೆದಳು.

“ನಡದು ರೂಢಿ ಐತ್ರಿ,” ಎಂದ ಕಲ್ಲವ್ವ ಮುಂದಿನ ಊರಿನ ತನಕ ನಡೆದೇ ಬಂದಳು.

ಮರುವರ್ಷ ಅವರು ಬೇರೆಯವರ ಗದ್ದೆಯಲ್ಲಿ ಇಳಿದರು. ಮುರಿಗೆವ್ವ ರೊಟ್ಟಿ ಕಟ್ಟಿಕೊಂಡು ಹೋದಳು. ಕಲ್ಲವ್ವ ಗಂಟು ತೆಗೆದುಕೊಂಡು, ಮನೆಯವರನ್ನೆಲ್ಲ ವಿಚಾರಿಸಿದಳು. ಗುಡಾರದ ಹತ್ತಿರ ಹೊಸದೊಂದು ಮರಿಗುದುರೆ ಕಟ್ಟಿದ್ದರು. ಮುರಿಗೆವ್ವ ಅದರ ಕಡೆ ಹೆಜ್ಜೆ ಹಾಕುತ್ತಲೇ ಕಲ್ಲವ್ವ ಎದ್ದು ಹೋಗಿ, ನಡುವೆ ನಿಂತು, ಹಗ್ಗ ಬಿಗಿಮಾಡತೊಡಗಿದಳು. ಹಗ್ಗ ಬಿಗಿಯಾಗೇ ಇತ್ತು. ಮುರಿಗೆವ್ವ ಅಲ್ಲೇ ನಿಂತು, “ಬರ್ತೀನವ್ವಾ” ಎಂದು ಹೇಳಿ ಮನೆಗೆ ಬಂದಳು.