ಬೀಳಲೊಲ್ಲದ ವಿಮಾನ

"ಇನ್ನೂ ಎಳೀರಿ ಸಾಹೇಬ್ರ, ಬಿಡಬ್ಯಾಡ್ರಿ," ಎಂದ ಹಿಂದಿನ ಸೀಟಿನಲ್ಲಿದ್ದ ಮಹಮ್ಮದ್ ಹನೀಫ್.

ಕ್ಯಾಪ್ಟನ್ ಪ್ರಭುಲಿಂಗಪ್ಪ ಎಡಗೈಯಲ್ಲಿದ್ದ, ವಿಮಾನ ನಡೆಸುವ ಗಿಡ್ಡ ಕೋಲನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿದಿದ್ದರು. ವಿಮಾನದ ಮೂಗು ಆಕಾಶ ನೋಡುತ್ತಿತ್ತು, ವೇಗ ಇಳಿಯುತ್ತಲೇ ಇತ್ತು. ಪಕ್ಕದ ಕಿಟಕಿಯಲ್ಲಿ, ಬಹಳ ಕೆಳಗೆ, ಬ್ಯಾಡಗಿಯ ಸುತ್ತ ಒಣಹಾಕಿದ ಮೆಣಸಿನಕಾಯಿ ಕುಂಕುಮ ಚೆಲ್ಲಿದಂತೆ ಕಾಣುತ್ತಿತ್ತು.

೧೯೯೩ರ ಜನವರಿ. ಪ್ರಯಾಣಿಕರ ಈ ಹೊಸ ವಿಮಾನವನ್ನು ಕೊಳ್ಳಬೇಕೋ ಬೇಡವೋ ಎಂದು ಹೇಳಬೇಕಾದವರು ಪ್ರಭುಲಿಂಗಪ್ಪ. ಮೋಟೆಬೆನ್ನೂರಿನವರು; ವಾಯುಪಡೆಯಲ್ಲಿ ಹೊಸ ವಿಮಾನಗಳ ಗುಣದೋಷ ನೋಡುತ್ತಲೇ ಕೂದಲು ನರೆತವರು. ಅಳತೆಯ ಯಂತ್ರಗಳ ಮುಂದೆ ಕೂತ ಇಂಜಿನಿಯರ್ ಹನೀಫ್ ರಾಣೆಬೆನ್ನೂರಿನವನು. ಬಲಬದಿಯಲ್ಲಿ ವಿದೇಶಿ ಕಂಪನಿಯ ಪೈಲಟ್. ಅವನಿಗೆ ತಿಳಿಯಬಾರದ ಮಾತು ಬಂದರೆ ಇವರಿಬ್ಬರೂ ಊರ ಕಡೆಯ ಮಾತಿಗೆ ಇಳಿಯುತ್ತಿದ್ದರು.

ವೇಗ ಇಷ್ಟು ಕುಗ್ಗಿದರೆ ರೆಕ್ಕೆಗಳಿಗೆ ಗಾಳಿಯ ಹಿಡಿತ ತಪ್ಪುತ್ತದೆ, ವಿಮಾನ ಕಲ್ಲಿನಂತೆ ಬೀಳುತ್ತದೆ. ವಾಯುಪಡೆಯ ಗೆಳೆಯ ಫಕ್ಕೀರೇಶ ಹಾಗೇ ವಿಮಾನದೊಂದಿಗೆ ಬಿದ್ದು ಸತ್ತಿದ್ದ. ಕೋಲನ್ನು ಮುಂದಕ್ಕೆ ತಳ್ಳಲು ಪ್ರಭುಲಿಂಗಪ್ಪನವರ ತೋಳು ಹಾತೊರೆಯಿತು. ತಳ್ಳಲಿಲ್ಲ. ಇಂಜಿನ್‌ಗಳು ತಾವಾಗಿಯೇ ಗುಡುಗಿದವು. ಮೂಗು ಒಂದಿಷ್ಟು ತಗ್ಗಿ ಅಲ್ಲೇ ನಿಂತಿತು. ವಿಮಾನ ಬೀಳಲಿಲ್ಲ.

"ಎಮ್ಮಿ ನೀರಾಗ ಕುಂತಂಗ ಕುಂತೈತಲ್ರೀ!" ಎಂದ ಹನೀಫ್.

"ಕುಂತೈತಿ ಖರೇ. ಆದ್ರ ಹಾರಿಸಾಕತ್ತಾಂವ ನಾನೋ, ಅದೋ?"

ಕಂಪ್ಯೂಟರ್ ಬೀಳಗೊಡುವುದಿಲ್ಲ ಎಂದು ಕಂಪನಿಯವನು ನಕ್ಕ. ಪ್ರಭುಲಿಂಗಪ್ಪನವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಆ ಕಾವಲು ಇಲ್ಲದಾಗ ಇದರ ಒಳಗೇನಿದೆ? ಕಂಪ್ಯೂಟರಿನ ಕಾವಲು ತೆಗೆದು ಇನ್ನೊಮ್ಮೆ ಎಳೆಯೋಣ ಎಂದರು. ಅವನ ನಗು ಮಾಯವಾಯಿತು. ಇವತ್ತಿನ ಹಾರಾಟದಲ್ಲಿ ಅದಿಲ್ಲ ಎಂದ. ಅದನ್ನು ನೋಡದೆ ತಾವು ಹೂಂ ಅನ್ನುವುದಿಲ್ಲ ಎಂದರು ಇವರು. ಅವನು ಕೊಂಚ ಯೋಚಿಸಿದ. ವಿಮಾನವನ್ನು ಇನ್ನಷ್ಟು ಎತ್ತರಕ್ಕೆ ಒಯ್ದು, ನೆತ್ತಿಯ ಮೇಲಿನ ಗುಂಡಿಗಳನ್ನು ಒತ್ತಿ ಕಾವಲು ತೆಗೆದ.

ಪ್ರಭುಲಿಂಗಪ್ಪ ಕೋಲನ್ನು ಮತ್ತೆ ಹಿಂದಕ್ಕೆ ಎಳೆದರು. ಈ ಸಲ ವಿಮಾನದ ಮೈಯೆಲ್ಲ ನಡುಗಿತು. ಎಡರೆಕ್ಕೆ ತಟಕ್ಕನೆ ಕುಸಿಯಿತು. ರಾಣೆಬೆನ್ನೂರಿನ ಬಯಲು ಓರೆಯಾಗಿ ಮುಂದಿನ ಗಾಜಿನ ತುಂಬ ಎದ್ದು ಬಂತು.

"ಯಾ ಅಲ್ಲಾ! ಸಾಹೇಬ್ರ!"

ಪ್ರಭುಲಿಂಗಪ್ಪ ಕೋಲನ್ನು ಮುಂದಕ್ಕೆ ತಳ್ಳಿದರು, ವೇಗ ಕೂಡುವವರೆಗೆ ಕಾದರು, ಮೆಲ್ಲಗೆ ರೆಕ್ಕೆಗಳನ್ನು ಸಮ ಮಾಡಿದರು. ವಿಮಾನ ಹೇಳಿದ ಮಾತು ಕೇಳಿತು. ಅವರ ಮುಖದಲ್ಲಿ ಸಣ್ಣಗೆ ನಗು ಮೂಡಿತು.

ಕಂಪನಿಯವನು ಗುಂಡಿಗಳನ್ನು ಮತ್ತೆ ಒತ್ತಿ ಕಾವಲು ಹಾಕಿದ. ಬೆಂಗಳೂರಿನ ಕಡೆ ತಿರುಗಿದ ಮೇಲೆ ಹನೀಫ್ ಮೆಲ್ಲಗೆ ಕೇಳಿದ: "ನಿಮ್ಮ ಅವ್ವಾರನ್ನ ಇದರಾಗ ಕಳಸ್ತೀರೇನ್ರಿ?"

ಪ್ರಭುಲಿಂಗಪ್ಪ ಹೇಳಿದರು: "ಕಳಸ್ತೇನಿ. ಆದ್ರ ಹಾರಿಸಾಂವ ಇವತ್ತ ನಾ ಮಾಡಿದ್ದನ್ನ ಒಮ್ಮೆಯಾದ್ರೂ ಮಾಡಿರಬೇಕು. ಹಂಗಂತ ಹೇಳ್ತೇನಿ ಕೊಳ್ಳಾವ್ರಿಗೆ."

ಕಂಪನಿಯವನು ಫ್ಲಾಸ್ಕಿನಿಂದ ಚಹಾ ಸುರಿದು ಕೊಟ್ಟ. ಹಳೆಯ ವಿಮಾನಗಳಲ್ಲಿ ಪೈಲಟ್ಟಿನ ಎದುರು ಚಕ್ರ ಇರುತ್ತಿದ್ದ ಜಾಗದಲ್ಲಿ ಇದರೊಳಗೆ ಎಳೆದರೆ ಹೊರಬರುವ ಸಣ್ಣ ಮೇಜೊಂದಿತ್ತು. ಪ್ರಭುಲಿಂಗಪ್ಪ ಅದನ್ನು ಎಳೆದು ಕಪ್ಪು ಇಟ್ಟರು. ಚಹಾ ಅಲುಗದೆ ನಿಂತಿತ್ತು. ಎತ್ತಿಕೊಳ್ಳಲು ಹೋದ ಎಡಗೈ ಇನ್ನೂ ಕೋಲು ಹಿಡಿದಂತೆಯೇ ಮುಷ್ಟಿಯಾಗಿತ್ತು. ಅದನ್ನು ಒಂದು ಗಳಿಗೆ ನೋಡಿ, ತೊಡೆಯ ಮೇಲಿಟ್ಟುಕೊಂಡು, ಬಲಗೈ ಚಾಚಿದರು.